ಅದಕ್ಕೆ ಕುರ್ಚಿ ಕೊಡಬೇಡ, ಯಗೋದಾ!

ಮೊರಾವಾ ನದಿ ದಂಡೆಯ ನಮ್ಮೂರಲ್ಲಿ ಮನೆತನದ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ. ಬಂದವರಿಗೆಲ್ಲ ಕುರ್ಚಿ, ಊಟ. ಇಲ್ಲವೆಂದರೆ ಮನೆಯ ಮಾನ ಹೋದಂತೆ.

ಪಕ್ಕದ ಮನೆಯ ಯಗೋದಾಳ ಮನೆಗೆ ಆ ಹಬ್ಬಕ್ಕೆ ಹೋದಾಗಲೇ ಅವಳು ನನ್ನ ಹತ್ತಿರ ಬಾಯಿಬಿಟ್ಟಳು. ಸ್ತನ ಕ್ಯಾನ್ಸರಿನ ಗಂಟು ತೆಗೆಸಿ ವರ್ಷವಾಗಿತ್ತು. ದಿನಾ ನುಂಗುವ ಮಾತ್ರೆಯನ್ನು ಈಗ ನಿಲ್ಲಿಸಿಬಿಟ್ಟಿದ್ದಳು.

"ಗಂಟೇ ಇಲ್ಲ, ಮಾತ್ರೆ ಯಾಕೆ? ಮೈಯೆಲ್ಲ ಧಗಧಗ ಅನ್ನುತ್ತೆ. ಕೆನ್ನೆ ಕೆಂಪಾದ್ರೆ, ರಾಕಿಯಾ ಸಾರಾಯಿ ಏರಿಸಿದೀಯಾ ಅಂತ ಜನ ನಗ್ತಾರೆ ಕಣೇ."

ಅವಳ ಅತ್ತೆ ಸ್ತಾಮೆನಾ ಒಲೆಯ ಮುಂದಿನಿಂದಲೇ ಕೂಗಿದರು, "ನಾನೇ ಬಿಡಿಸಿದ್ದು! ಎಲೆಕೋಸಿನ ಎಲೆ ಕಟ್ಕೊಂಡ್ರೆ ಸಾಕು."

ನನಗೆ ಮೈ ಉರಿದುಹೋಯಿತು. "ಕೋಸಿನೆಲೆ ಮಾಂಸ ಸುತ್ತಿ ಬೇಯಿಸೋಕೆ ಅಜ್ಜಿ, ಕ್ಯಾನ್ಸರ್ ವಾಸಿ ಮಾಡೋಕಲ್ಲ!"

ಅಷ್ಟರಲ್ಲಿ ನರ್ಸ್ ವಿದೋಸಾವಾ ಹಬ್ಬಕ್ಕೆ ಬಂದರು. ನಾನು ಎಲ್ಲ ಹೇಳಿಬಿಟ್ಟೆ.

"ನೋಡಮ್ಮ," ಅಂದರು ಅವರು, "ನಿನ್ನ ಕ್ಯಾನ್ಸರ್ ಜಾತಿಯ ಜೀವಕೋಶದಲ್ಲೂ ಒಂದು ಕುರ್ಚಿ ಇರುತ್ತೆ. ಮೈಯಲ್ಲಿ ಓಡಾಡೋ ಈಸ್ಟ್ರೋಜನ್ ಹಾರ್ಮೋನು ಬಂದು ಅದರಲ್ಲಿ ಕೂತ್ರೆ, 'ಬೆಳೆ, ಒಂದು ಎರಡಾಗು' ಅಂತ ಒಳಗೆ ಸುದ್ದಿ ಹೋಗುತ್ತೆ. ಬೆಳೆದದ್ದು ಮೂಳೆಗೋ ಶ್ವಾಸಕೋಶಕ್ಕೋ ಹರಡಬಹುದು."

"ಗಂಟು ತೆಗೆದ್ರಲ್ಲ?"

"ಕಣ್ಣಿಗೆ ಕಾಣದ್ದು ಎಲ್ಲೋ ಅಡಗಿರಬಹುದು. ನಿನ್ನ ಮಾತ್ರೆ ಮೊದಲೇ ಹೋಗಿ ಆ ಕುರ್ಚೀಲಿ ಕೂತುಬಿಡುತ್ತೆ. ಹಾರ್ಮೋನಿಗೆ ಜಾಗ ಇಲ್ಲ, ಒಳಗೆ ಸುದ್ದಿ ಇಲ್ಲ. ಮಾತ್ರೆ ಬಿಟ್ಟೆಯಾ, ಕುರ್ಚಿ ಖಾಲಿ ಮಾಡಿಕೊಟ್ಟೆ."

"ಬಂದೋರನ್ನ ನಿಲ್ಲಿಸೋ ಪದ್ಧತಿ ನಮ್ಮನೇಲಿಲ್ಲ," ಎಂದು ಸ್ತಾಮೆನಾ ಗೊಣಗಿದರು.

ಯಗೋದಾ ಎದ್ದು ನಿಂತಳು. "ಇವತ್ತಿಂದ ಇದೆ ಅತ್ತೆ! ಊರೆಲ್ಲ ಬರಲಿ, ಬಡಿಸ್ತೀನಿ. ನನ್ನನ್ನ ಕೊಲ್ಲೋಕೆ ಬರೋದಕ್ಕೆ ನನ್ನ ಮೈಯಲ್ಲಿ ಕುರ್ಚಿ ಇಲ್ಲ. ಕೆನ್ನೆ ಕೆಂಪಾಗಲಿ, ನಗೋರು ನಗಲಿ, ಹಲ್ಲು ಅವರದು!"

"ಧಗೆಗೂ ಉಪಾಯ ಇದೆ, ಡಾಕ್ಟರನ್ನ ಕೇಳೋಣ," ಎಂದರು ನರ್ಸ್. ಮರುದಿನವೇ ಇಬ್ಬರೂ ಹೋಗಿ ಬಂದರು. ಮಾತ್ರೆ ಮತ್ತೆ ಶುರುವಾಯಿತು.

ಈಗ ಬೆಳಿಗ್ಗೆ ಕಾಫಿ ಹೊತ್ತಿಗೆ ಸ್ತಾಮೆನಾ ಕೂಗುವುದು ಬೇಲಿಯಾಚೆ ನನಗೂ ಕೇಳಿಸುತ್ತದೆ: "ಏ ಯಗೋದಾ, ಕುರ್ಚಿಗೆ ಆಳು ಕಳಿಸಿದೆಯೇನೇ?"

ಅಕ್ಕತಂಗಿಯರೇ, ಗಂಟು ಕಂಡರೆ ಎಲೆ ಕಟ್ಟಿಕೊಂಡು ಕೂರಬೇಡಿ, ಆಸ್ಪತ್ರೆಗೆ ಹೋಗಿ. ಎಲ್ಲರ ಕ್ಯಾನ್ಸರೂ ಒಂದೇ ಜಾತಿಯದಲ್ಲ, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಆಗುವುದಿಲ್ಲ. ನಿಮ್ಮದು ಯಾವುದೆಂದು ಡಾಕ್ಟರನ್ನು ಎದುರು ನಿಂತು ಕೇಳಿ. ಮಾತ್ರೆಯಿಂದ ತೊಂದರೆಯಾದರೆ ಅವರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಮೈ ನಿಮ್ಮದು. ಅಲ್ಲಿ ಯಾರು ಕೂರಬೇಕೆಂದು ನೀವು ಹೇಳಿ.