ಹೇಗೆ ಗೊತ್ತಾಯಿತು?

ಯಶ್ಮಿತಾಳಿಗೆ ಲೆಕ್ಕ ಬರುತ್ತಿರಲಿಲ್ಲ. ಮಸ್ಕತ್ತಿನಿಂದ ಒಂದೂವರೆ ಗಂಟೆ ದಾರಿಯ ನಿಜ್ವಾ ಪಟ್ಟಣದಲ್ಲಿ ಈ ಸಂಗತಿ ಗೊತ್ತಿದ್ದದ್ದು ಅವಳಿಗೆ, ಅವಳ ಅಪ್ಪ ದೂಮಪ್ಪನಿಗೆ ಮತ್ತು ಅಮ್ಮ ಸ್ವರ್ಣಲತಾಳಿಗೆ ಮಾತ್ರ. ತಮಾಷೆಯೆಂದರೆ, ಆ ಅಮ್ಮ ಊರಂಚಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಲೆಕ್ಕದ ಟೀಚರ್. ಕಂಡವರ ಮಕ್ಕಳಿಗೆಲ್ಲ ಭಾಗಾಕಾರ ಕಲಿಸುವವಳ ಸ್ವಂತ ಮಗಳು, ಅದೇ ನಾಲ್ಕನೇ ತರಗತಿಯಲ್ಲಿ ಕೂತು, ಎಂಟಕ್ಕೆ ಐದು ಕೂಡಿಸಲು ಡೆಸ್ಕಿನ ಅಡಿಯಲ್ಲಿ ಕದ್ದು ಬೆರಳು ಮಡಚುತ್ತಿದ್ದಳು.

ಬರೆಯುವ ಪರೀಕ್ಷೆಗಳಿದ್ದಷ್ಟು ದಿನ ಹೇಗೋ ನಡೆಯಿತು. ಈ ವರ್ಷ ಶಾಲೆಯಲ್ಲಿ ಹೊಸ ಗಾಳಿ ಬೀಸಿತು. ಮೂರರಿಂದ ಐದನೇ ತರಗತಿಯವರೆಗೆ ಪೇಪರೂ ಇಲ್ಲ, ಪೆನ್ನೂ ಇಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು ಕಾರ್ಡಿನಲ್ಲಿರುವ ಲೆಕ್ಕ ಓದಬೇಕು. ಮಗು ಉತ್ತರ ಹೇಳಿದ ಮೇಲೆ "ಹೇಗೆ ಗೊತ್ತಾಯಿತು?" ಎಂದು ಕೇಳಬೇಕು. ಉತ್ತರಕ್ಕಿಂತ ಈ ಎರಡನೇ ಪ್ರಶ್ನೆಗೇ ಹೆಚ್ಚು ಬೆಲೆ. ಬೇರೆಯವರ ಮಕ್ಕಳ ಮಟ್ಟಿಗೆ ಸ್ವರ್ಣಲತಾಳಿಗೆ ಇದು ಬಹಳ ಇಷ್ಟವಾಯಿತು. ತಪ್ಪು ಉತ್ತರ ಹೇಳಿದ ಮಗುವಿನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುತ್ತದಲ್ಲ!

ಆದರೆ ತೀರಾ ಹಿಂದುಳಿದ ಮಕ್ಕಳ ಮನೆಗೆ ಒಂದು ಸೂಚನೆ ಹೋಗುತ್ತಿತ್ತು. ಇಂಥ ಮಕ್ಕಳಿಗೆ ಬೇಕಾದ ವಿಶೇಷ ಟೀಚರ್ ನಮ್ಮಲ್ಲಿಲ್ಲ, ದಯವಿಟ್ಟು ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಎಂದು. ನಿಜ್ವಾದಲ್ಲಿ ಬೇರೆ ವ್ಯವಸ್ಥೆ ಎಂದರೆ ಊರಿಗೆ ಮರಳುವ ವಿಮಾನ. ಕಳೆದ ವರ್ಷ ಅಂಗಡಿಯ ಮಮ್ಮದನ ಮಗ ಸಿನಾನ್ ಹಾಗೇ ಹೋದ. ಹುಡುಗನ ಜೊತೆ ತಾಯಿ ಶಮೀನಾಳೂ ಉಪ್ಪಿನಂಗಡಿಗೆ ಹೋದಳು. ಮಮ್ಮದ್ ಅಂಗಡಿಯ ಮಹಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಉಳಿದ.

"ಫೋನ್ ಮಾಡಿದ್ರೆ ಹೂಂ ಅಂತಾನೆ, ಊಹೂಂ ಅಂತಾನೆ. ಅಷ್ಟೇ ಟೀಚರೇ," ಎಂದಿದ್ದ ಮಮ್ಮದ್, ಅವಳು ತೆಂಗಿನಕಾಯಿ ಆರಿಸುತ್ತಿದ್ದಾಗ. "ನನ್ನ ಮುಖ ಅವನಿಗೆ ಮರ್ತೇ ಹೋಗ್ತದೋ ಏನೋ."

ಆ ಮಾತು ಸ್ವರ್ಣಲತಾಳ ಜೊತೆ ಮನೆಯವರೆಗೂ ಬಂತು. ದೂಮಪ್ಪ ಖರ್ಜೂರದ ಕಂಪನಿಯ ಆಫೀಸಿನ ಕೆಲಸ ಬಿಟ್ಟು ಬರುವಂತಿಲ್ಲ. ಮಗಳನ್ನು ಕರೆದುಕೊಂಡು ತಾನು ಹೋಗಬೇಕು, ಅವನು ಇಲ್ಲಿ ಒಬ್ಬನೇ ಗಂಜಿ ಬೇಯಿಸಿಕೊಂಡು ಇರಬೇಕು. ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಪ್ರಶ್ನೆಯ ಕಾರ್ಡುಗಳನ್ನು ಟೈಪ್ ಮಾಡುವ ಕೆಲಸ ಅವಳ ಪಾಲಿಗೇ ಬಂತು. ದೇವರೇ ದಾರಿ ತೋರಿಸಿದ ಎಂದುಕೊಂಡಳು. ದೇವರು ಇಂಥದ್ದಕ್ಕೆಲ್ಲ ಕೈ ಹಾಕುತ್ತಾನೆಯೇ, ಅದು ಬೇರೆ ಮಾತು.

ದಿನಾ ಸಂಜೆ ಚಹಾ ಆದ ಮೇಲೆ ಅಡುಗೆಮನೆಯಲ್ಲಿ ಆ ಕಾರ್ಡುಗಳ ಅಭ್ಯಾಸ ಶುರುವಾಗುತ್ತಿತ್ತು. ಮೊದಲನೇ ಲೆಕ್ಕ, ನಲವತ್ತೆಂಟಕ್ಕೆ ಮೂವತ್ತಾರು ಕೂಡಿಸು. ಉತ್ತರವನ್ನಷ್ಟೇ ಅಲ್ಲ, ಯೋಚನೆಯನ್ನೂ ಅವಳು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದಳು. ನಲವತ್ತೆಂಟನ್ನು ಐವತ್ತು ಅಂದುಕೊಂಡೆ, ಮೂವತ್ತಾರು ಸೇರಿಸಿದೆ, ಕೊನೆಗೆ ಎರಡು ತೆಗೆದೆ. ಎರಡನೇ ಲೆಕ್ಕ, ತೊಂಬತ್ತೆರಡರಲ್ಲಿ ಮೂವತ್ತೊಂಬತ್ತು ಕಳೆ. ನಲವತ್ತು ಕಳೆದೆ, ಒಂದು ವಾಪಸ್ ಕೊಟ್ಟೆ, ಐವತ್ತಮೂರು. ಮಧ್ಯೆ ಎಲ್ಲಿ ಸ್ವಲ್ಪ ತಡೆಯಬೇಕು, ಎಲ್ಲಿ ಕಣ್ಣು ಮೇಲೆ ಮಾಡಬೇಕು ಎಂಬುದನ್ನೂ ಬಿಡಲಿಲ್ಲ. ನಾಟಕದ ಮೇಷ್ಟ್ರು ಕೂಡ ಇಷ್ಟು ಕಷ್ಟಪಡಲಿಕ್ಕಿಲ್ಲ.

ಮಗಳ ಬೆರಳುಗಳು ಮಾತ್ರ ಮಾತು ಕೇಳುತ್ತಿರಲಿಲ್ಲ. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಮಡಚಿಕೊಳ್ಳಲು ಹೊರಡುತ್ತಿದ್ದವು.

"ಕೈಯನ್ನು ತೊಡೆಯ ಅಡಿಗೆ ಹಾಕಿ ಕೂತ್ಕೋ," ಎಂದಳು ಸ್ವರ್ಣಲತಾ. "ಎಂಥ ಆದ್ರೂ ತೆಗೀಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ಅಮ್ಮ," ಎಂದಿತು ಮಗು.

ಟೀಚರುಗಳ ಮಕ್ಕಳನ್ನು ಪ್ರೈಮರಿ ವಿಭಾಗದ ಮುಖ್ಯಸ್ಥೆ ಕ್ಲೆಮೆಂಟಿನಾ ಅವರೇ ಪರೀಕ್ಷಿಸುವುದು ರೂಢಿ. ಮಂಗಳೂರಿನವರು, ಮಾತು ಜೋರು, ಮನಸ್ಸು ಮೆತ್ತಗೆ. ಯಶ್ಮಿತಾಳ ಸರದಿ ಮುಗಿದದ್ದೇ ತಡ, ಅವರು ಸ್ಟಾಫ್ ರೂಮಿಗೆ ಓಡಿಯೇ ಬಂದರು.

"ಎಂಥ ಮಗು ಮಾರಾಯ್ತಿ ನಿಂದು! ಉತ್ತರ ಬಿಡು, ಅದು ಯೋಚನೆ ಮಾಡುವ ಚಂದ ನೋಡ್ಬೇಕು. ಬೆರಳು ಮುಟ್ಲಿಲ್ಲ!"

ಸ್ವರ್ಣಲತಾ ನಕ್ಕಳು. ಒಂದು ವಾರ ಅವಳಿಗೆ ಚೆನ್ನಾಗಿ ನಿದ್ದೆಯೂ ಬಂತು. ಆಮೇಲೆ ಕ್ಲೆಮೆಂಟಿನಾ ಮತ್ತೆ ಕರೆದರು. ಗುರುವಾರ ಪೋಷಕರ ಸಭೆ ಇದೆ, ಈ ಪದ್ಧತಿಯನ್ನು ರೂಪಿಸಿದ ಮ್ಯಾಥ್ಯೂ ಸರ್ ಮಸ್ಕತ್ತಿನಿಂದ ಬರುತ್ತಾರೆ. ಅವರ ಮುಂದೆ ಯಶ್ಮಿತಾ ಸ್ಟೇಜಿನಲ್ಲಿ ಲೆಕ್ಕ ಮಾಡಿ ತೋರಿಸಬೇಕು. ಪ್ರಶ್ನೆ ಕೇಳುವವಳು ಅಮ್ಮನೇ ಆದರೆ ಇನ್ನೂ ಚಂದ.

"ಅವಳಿಗೆ ಸ್ಟೇಜ್ ಅಂದ್ರೆ ಹೆದರಿಕೆ ಮಿಸ್."

"ನೀನು ಎದುರು ಇದ್ರೆ ಎಂಥ ಹೆದರಿಕೆ? ಸರ್ ಹತ್ರ ಆಗ್ಲೇ ಹೇಳಿ ಆಯ್ತು. ಖಲಾಸ್!"

ಅವತ್ತು ಕಾರಿನಲ್ಲಿ ಮನೆಗೆ ಹೋಗುವಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಹೋಗಿದ್ದಳು. ರಸ್ತೆಯ ಎರಡೂ ಕಡೆ ಖರ್ಜೂರದ ಮರಗಳು ಹಿಂದಕ್ಕೆ ಓಡುತ್ತಿದ್ದವು.

"ನಿಜ ಹೇಳಿಬಿಡಲಾ?" ಎಂದಳು.

"ಹೇಳಿದ್ರೆ ಕಾರ್ಡು ಮನೆಗೆ ತಂದದ್ದು ನೀನೇ ಅಂತ ಗೊತ್ತಾಗ್ತದೆ. ನಿನ್ನ ಕೆಲಸ ಹೋಗ್ತದೆ. ಮಗುವನ್ನೂ ಕಳಿಸ್ತಾರೆ."

"ಹೇಳದಿದ್ರೆ?"

ದೂಮಪ್ಪ ಕನ್ನಡಿಯಲ್ಲಿ ಹಿಂದಿನ ಸೀಟಿನ ಮಗಳನ್ನು ನೋಡಿದ. "ಹೇಳದಿದ್ರೆ ಇನ್ನೊಂದು ಹಾಡು ಬಾಯಿಪಾಠ ಮಾಡಿಸ್ಬೇಕು. ಆಮೇಲೆ ಮತ್ತೊಂದು. ಎಷ್ಟು ವರ್ಷ ಅಂತ ನೀನೇ ಹೇಳು."

ಅವಳು ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಕಾರಿನಿಂದ ಇಳಿದು ಎಲ್ಲಿಗಾದರೂ ನಡೆದುಬಿಡೋಣ ಎಂದರೆ ಈ ಊರಿನಲ್ಲಿ ನಡೆದು ತಲುಪುವಂಥ ಜಾಗವೂ ಇಲ್ಲ. ಬುಧವಾರದವರೆಗೂ ಸಂಜೆಯ ಅಭ್ಯಾಸ ನಡೆಯಿತು, ಅದೇ ಲೆಕ್ಕ, ಅದೇ ಕ್ರಮ. ಬೆಳಿಗ್ಗೆಯಾದರೆ ಹೊಟ್ಟೆನೋವು ಎಂದು ಯಶ್ಮಿತಾ ದೋಸೆಯ ತಟ್ಟೆ ದೂಡತೊಡಗಿದಳು.

ಗುರುವಾರ ಸಭಾಂಗಣ ತುಂಬಿತ್ತು. ಸ್ಟೇಜಿನ ಮೇಲೆ ಎದುರುಬದುರಾಗಿ ಎರಡು ಪ್ಲಾಸ್ಟಿಕ್ ಕುರ್ಚಿ. ಯಶ್ಮಿತಾ ಕೂತವಳೇ ಕೈಗಳನ್ನು ತೊಡೆಯ ಅಡಿಗೆ ಹಾಕಿದಳು. ಮ್ಯಾಥ್ಯೂ ಸರ್ ನಗುತ್ತ ಬಂದು ಸ್ವರ್ಣಲತಾಳ ಕೈಗೆ ಕಾರ್ಡುಗಳ ಕಟ್ಟು ಕೊಟ್ಟರು. ಹೊಸ ಕಾರ್ಡುಗಳು, ಅವರೇ ತಂದದ್ದು.

ಮೇಲಿನ ಕಾರ್ಡಿನಲ್ಲಿ ಯಾವುದೋ ಲೆಕ್ಕವಿತ್ತು, ಅವಳು ಅದನ್ನು ಓದಲೂ ಇಲ್ಲ. ಕಾರ್ಡಿನ ಮುಖ ಕಾಣುತ್ತಿದ್ದದ್ದು ಅವಳೊಬ್ಬಳಿಗೇ.

"ಫಾರ್ಟಿ ಎಯ್ಟ್ ಪ್ಲಸ್ ಥರ್ಟಿ ಸಿಕ್ಸ್," ಎಂದುಬಿಟ್ಟಳು.

ಮಗು ಕಣ್ಣು ಮೇಲೆ ಮಾಡಿತು, ಹೇಳಿಕೊಟ್ಟಲ್ಲಿ ತಡೆಯಿತು, ಎಂಬತ್ತನಾಲ್ಕು ಎಂದಿತು. ಹೇಗೆ ಗೊತ್ತಾಯಿತೆಂಬುದನ್ನೂ ಸುಂದರವಾದ ಇಂಗ್ಲಿಷಿನಲ್ಲಿ ವಿವರಿಸಿತು. ಜನ ಚಪ್ಪಾಳೆ ತಟ್ಟಿದರು. ಮ್ಯಾಥ್ಯೂ ಸರ್ ಎದ್ದು ನಿಂತರು.

"ಮುಂದಿನ ತಿಂಗಳು ಈ ಮಗು ಮಸ್ಕತ್ತಿಗೆ ಬರಬೇಕು," ಎಂದರು ಇಂಗ್ಲಿಷಿನಲ್ಲಿ. "ಆಮೇಲೆ ಸೊಹಾರ್, ಸಲಾಲಾ. ಎಲ್ಲ ಶಾಲೆಯವರೂ ಇವಳನ್ನು ನೋಡಬೇಕು."

ಮತ್ತೆ ಚಪ್ಪಾಳೆ. ಸ್ವರ್ಣಲತಾ ಮಗಳನ್ನು ನೋಡಿದಳು. ಮಗು ಚಪ್ಪಾಳೆಗೆ ನಗಲಿಲ್ಲ. ಅಮ್ಮನ ತುಟಿಯನ್ನೇ ನೋಡುತ್ತಿತ್ತು, ಎರಡನೇ ಲೆಕ್ಕಕ್ಕಾಗಿ. ಆ ಕಣ್ಣಿನಲ್ಲಿ ಹೆದರಿಕೆಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ಇಲ್ಲಿಯವರೆಗೆ ತಂದವಳು ನಾನೇ ಎಂದು ಸ್ವರ್ಣಲತಾಳಿಗೆ ಅನಿಸಿತು, ನಾಚಿಕೆಯಾಯಿತು.

ಎರಡನೇ ಕಾರ್ಡನ್ನು ಅವಳು ಇದ್ದ ಹಾಗೇ ಓದಿದಳು. "ಟ್ವೆಂಟಿ ಸೆವೆನ್ ಪ್ಲಸ್ ಫಿಫ್ಟೀನ್."

ಯಶ್ಮಿತಾ ಕಣ್ಣು ಮೇಲೆ ಮಾಡಿದಳು. ಹೇಳಿಕೊಟ್ಟಲ್ಲಿ ತಡೆದಳು. "ಫಿಫ್ಟಿ ತ್ರೀ," ಎಂದಳು ಸ್ಪಷ್ಟವಾಗಿ. "ನಲವತ್ತು ಕಳೆದೆ, ಒಂದು ವಾಪಸ್ ಕೊಟ್ಟೆ," ಎಂಬುದನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಒಪ್ಪಿಸಿದಳು.

ಚಪ್ಪಾಳೆಗೆಂದು ಮೇಲೆದ್ದ ಕೈಗಳು ಅರ್ಧದಲ್ಲೇ ನಿಂತವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾಥ್ಯೂ ಸರ್ ಹುಬ್ಬು ಗಂಟಿಕ್ಕಿದರು. ಮುಂದಿನ ಸಾಲಿನಲ್ಲಿದ್ದ ಕ್ಲೆಮೆಂಟಿನಾ ಮೊದಲು ಮಗುವನ್ನು ನೋಡಿದರು, ಆಮೇಲೆ ತಾಯಿಯನ್ನು ನೋಡಿದರು. ಅವರ ಮುಖದ ನಗು ಮೆಲ್ಲಗೆ ಇಳಿಯಿತು. ಅವರಿಗೆ ಎಲ್ಲವೂ ಅರ್ಥವಾಯಿತೆಂದು ಸ್ವರ್ಣಲತಾಳಿಗೆ ಗೊತ್ತಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಅವಳು ಕಾರ್ಡುಗಳನ್ನು ಕುರ್ಚಿಯ ಮೇಲಿಟ್ಟು ಮಗಳ ಮುಂದೆ ಮೊಣಕಾಲೂರಿದಳು.

"ಕೈ ತೆಗಿ ಮಗಾ."

"ಬೇಡ," ಎಂದು ಪಿಸುಗುಟ್ಟಿತು ಮಗು. ಶಾಲೆಯಲ್ಲಿ ಅಮ್ಮನನ್ನು ಮಿಸ್ ಎಂದೇ ಕರೆಯಬೇಕು, ಅದು ಮರೆತೇ ಹೋಗಿತ್ತು. "ತೆಗೀಬಾರ್ದು ಅಂತ ನೀನೇ ಹೇಳಿದ್ದಲ್ವಾ ಅಮ್ಮ."

ಮುಂದಿನ ಸಾಲುಗಳಿಗೆಲ್ಲ ಅದು ಕೇಳಿಸಿತು. ಮೂರನೇ ಸಾಲಿನಲ್ಲಿ ದೂಮಪ್ಪ ತಲೆ ತಗ್ಗಿಸಿದ.

"ನಾನು ಹೇಳಿದ್ದು ತಪ್ಪು," ಎಂದಳು ಸ್ವರ್ಣಲತಾ. ತಾನೇ ಆ ಕೈಗಳನ್ನು ಒಂದೊಂದಾಗಿ ಹೊರಗೆಳೆದಳು. ಅಂಗೈಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಗೆರೆಗಳು ಕೆಂಪಗೆ ಅಚ್ಚೊತ್ತಿದ್ದವು. ಅವಳು ಅವನ್ನು ಹೆಬ್ಬೆರಳಿನಿಂದ ತಿಕ್ಕಿದಳು, ಗೆರೆಗಳು ಹೋಗಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಎಂಟಕ್ಕೆ ಐದು ಕೂಡಿಸು. ನಿಧಾನ. ಯಾರಿಗೂ ಅವಸರ ಇಲ್ಲ."

ಒಂದೊಂದೇ ಬೆರಳು ಮಡಚಿಕೊಂಡಿತು. ಒಮ್ಮೆ ತಪ್ಪಿತು, ಮತ್ತೆ ಮೊದಲಿನಿಂದ ಶುರುವಾಯಿತು. ಇಡೀ ಸಭಾಂಗಣ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಒಂದನೇ ತರಗತಿಯ ಲೆಕ್ಕ ಮಾಡುವುದನ್ನು ನೋಡುತ್ತ ಕೂತಿತ್ತು. ಮಧ್ಯಾಹ್ನದೊಳಗೆ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬರುತ್ತದೆ. ಬೇರೆ ವ್ಯವಸ್ಥೆ ಮಾಡಿಕೊಳ್ಳಿ ಎಂಬ ಆ ಸೂಚನೆಯೂ ಬರುತ್ತದೆ. ಊರಿಗೆ ಹೋಗುವ ದಿನ ಏರ್‌ಪೋರ್ಟಿನಲ್ಲಿ ದೂಮಪ್ಪ ನಿಲ್ಲುವ ರೀತಿ ಕೂಡ ಅವಳ ಕಣ್ಣ ಮುಂದೆ ಬಂತು.

"ಹದಿಮೂರು," ಎಂದಳು ಯಶ್ಮಿತಾ.

"ಸರಿ. ಹೇಗೆ ಗೊತ್ತಾಯಿತು?"

ಮಗು ತನ್ನ ಬೆರಳುಗಳನ್ನು ನೋಡಿಕೊಂಡಿತು. ಹೇಳಿಕೊಟ್ಟದ್ದು ಏನೂ ಇರಲಿಲ್ಲ, ನೆನಪು ಮಾಡಿಕೊಳ್ಳುವುದೂ ಇರಲಿಲ್ಲ.

"ನಾನೇ ಎಣಿಸಿದ್ದು," ಎಂದಿತು. ಆಮೇಲೆ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು, ಎರಡೂ ಕೈ ಅಮ್ಮನ ಮುಂದೆ ಚಾಚಿತು. "ಇನ್ನೊಂದು ಕೇಳು ಅಮ್ಮ."