ಅರೆಹೊಟ್ಟೆಯ ಚಿಟ್ಟೆಗಳು

ಯಂಕಂಚಿಯ ಬಾಳಮ್ಮನ ಮನೆಯಲ್ಲಿ ಮೊದಲು ರೇಷ್ಮೆ ಹುಳಗಳ ಊಟ, ಆಮೇಲೆ ಮನುಷ್ಯರದು. ಮನುಷ್ಯರಲ್ಲೂ ಕಟ್ಟಕಡೆಗೆ ಸೊಸೆ ಭಾಗ್ಯಜ್ಯೋತಿಯದು. ತೊಂಬತ್ತೆಂಟರ ಸುಮಾರಿಗೆ ಸಿಂದಗಿ, ಇಂಡಿ ಕಡೆ ರೇಷ್ಮೆ ಬೆಳೆಗೆ ಇಳಿದವರು ಹುಳದ ಮೊಟ್ಟೆ ಬೇಕಾದರೆ ಈ ಮನೆಯ ಬಾಗಿಲಿಗೇ ಬರುತ್ತಿದ್ದರು. ಮಗ ಕಲ್ಮೇಶ ಪರವಾನಗಿ ತಂದು ಗೋಡೆಗೆ ತೂಗುಹಾಕಿದ್ದನೇನೋ ನಿಜ, ಆದರೆ ಕಸಬು ಇದ್ದದ್ದು ಮುದುಕಿಯ ಬೆರಳಲ್ಲಿ. ಕೊನೆಯ ಪೊರೆ ಕಳಚಿದ ಹುಳವನ್ನು ಅಂಗೈ ಮೇಲಿಟ್ಟುಕೊಂಡು, ಕೂಸಿನ ಗಲ್ಲ ಒತ್ತಿದಂತೆ ಮೆಲ್ಲಗೆ ಒತ್ತಿ ನೋಡುತ್ತಿದ್ದಳು.

"ಈಗ ತಿಂದದ್ದ ಇದರ ಬುತ್ತಿ ನೋಡ," ಎಂದು ಸೊಸೆಗೆ ಹೇಳಿಕೊಟ್ಟಿದ್ದಳು. "ನಾಳೆ ಗೂಡು ಒಡದು ಚಿಟ್ಟಿ ಆಗಿ ಬರ್ತತಿ, ಆಗ ಒಂದ ಎಲಿ ಮುಟ್ಟಂಗಿಲ್ಲ. ಮೈಯಾಗಿನ ಕೊಬ್ಬು ಕರಗಿಸೇ ತತ್ತಿ ಇಡಬೇಕು, ಇಟ್ಟು ಸಾಯಬೇಕು. ಹುಳಾ ಅರೆಹೊಟ್ಟಿ ಉಳೀತಂದ್ರ ತತ್ತಿ ಎಲ್ಲಿಂದ ಬರಬೇಕು?"

ಇಷ್ಟೆಲ್ಲ ಬಲ್ಲ ಹೆಂಗಸು, ಸೊಸೆ ಬಸುರಾದ ದಿನದಿಂದ ಅವಳ ತಾಟಿನ ಮೇಲೆ ಕಣ್ಣಿಟ್ಟಳು. ಒಂದು ರೊಟ್ಟಿ, ಅದರ ಮೇಲೆ ಒಂದು ಸೌಟು ಬೇಳೆ. ಎರಡನೆಯ ರೊಟ್ಟಿಗೆ ಕೈ ಹೋದರೆ ಬುಟ್ಟಿ ಆಚೆ ಸರಿಯುತ್ತಿತ್ತು.

"ಕೂಸು ದಪ್ಪ ಆದ್ರ ಹೊರಗ ಬರಂಗಿಲ್ಲ. ಸಣ್ಣ ಇದ್ರ ಸಲೀಸ ಬರ್ತತಿ."

ಬರೀ ಜಿಪುಣತನವಾಗಿದ್ದರೆ ಬೈದು ಮುಗಿಸಬಹುದಿತ್ತು. ಬಾಳಮ್ಮನ ಮಗಳು ದಾನೇಶ್ವರಿ ಚೊಚ್ಚಲ ಹೆರಿಗೆಗೆ ಬಂದಾಗ ತುಪ್ಪ, ಹಾಲು, ಅಂಟಿನುಂಡೆ ಎಂದು ಮುದುಕಿ ಕೈಯಾರೆ ತಿನ್ನಿಸಿದ್ದಳು. ಕೂಸು ಸಿಕ್ಕಿಕೊಂಡು ತಾಯಿ ಕೂಸು ಇಬ್ಬರೂ ಹೋದರು. ಮಣ್ಣಿಗೆ ಬಂದವರಲ್ಲಿ ಯಾರೋ, ತಿನಿಸಿ ತಿನಿಸಿ ಕೊಂದೆಯಲ್ಲ ಎಂದುಬಿಟ್ಟರು. ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅದನ್ನು ಕಿತ್ತುಕೊಳ್ಳಲು ಅವಳಿಗೆ ಸಿಕ್ಕಿದ್ದು ಸೊಸೆಯ ಹೊಟ್ಟೆ.

ಭಾಗ್ಯಜ್ಯೋತಿಗೆ ನಿಡಗುಂದಿಯಲ್ಲಿ ತವರು ಅಂತ ಹೆಸರಿಗಿತ್ತು, ತಾಯಿ ಇರಲಿಲ್ಲ. ಹಾಗಾಗಿ ಹೆರಿಗೆ ಗಂಡನ ಮನೆಯಲ್ಲೇ ಎಂದಾಯಿತು. ಕುಬಸದ ದಿನ ನೆಂಟರು ಬಸುರಿಗೆಂದು ಬುತ್ತಿ ಹೊತ್ತು ತಂದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರ್ಚಿಕಾಯಿ, ಶೇಂಗಾ ಹೋಳಿಗೆ. ಹಸಿರು ಸೀರೆ ಉಟ್ಟು ಕೂತವಳ ಬಾಯಿಗೆ ಶಾಸ್ತ್ರಕ್ಕೆಂದು ಒಂದೊಂದು ಚೂರು ಬಿತ್ತು. ಆರತಿ ಮುಗಿದದ್ದೇ ತಡ, ಬಾಳಮ್ಮ ಉಳಿದದ್ದನ್ನೆಲ್ಲ ಓಣಿಗೆ ಹಂಚಿ ಕೈ ತೊಳೆದುಕೊಂಡಳು. ಓಣಿಯವರು ಅವಳ ದೊಡ್ಡ ಮನಸ್ಸನ್ನು ಹೊಗಳುತ್ತ ಚಪ್ಪರಿಸಿ ತಿಂದರು.

ಅಂದು ಮಧ್ಯಾಹ್ನ ಭಾಗ್ಯಜ್ಯೋತಿ ನಾಚಿಕೆ ಬಿಟ್ಟು ಕೇಳಿದಳು. "ಅತ್ತಿ, ಹಸಿವು ತಡಿಯಾಕ ಆಗವಲ್ದು. ಇನ್ನೊಂದು ರೊಟ್ಟಿ ಕೊಡ್ರಿ."

"ನಿನಗ ಜೀವ ಬೇಕೋ, ರೊಟ್ಟಿ ಬೇಕೋ?"

ಕಲ್ಮೇಶ ಅಲ್ಲೇ ಕೂತು ಮೂರನೆಯ ರೊಟ್ಟಿ ಮುರಿಯುತ್ತಿದ್ದ. "ಅವ್ವ ಹೇಳಿದಂಗ ಕೇಳು," ಎಂದು ಚಟ್ನಿ ಹಾಕಿಸಿಕೊಂಡ. ಅಮ್ಮನ ಮುಂದೆ ಅವನ ಗಂಡಸುತನವೆಲ್ಲ ಚಟ್ನಿಯಷ್ಟೇ.

ತುಂಬಿದ ಬಸುರಿ ತೋಟದಿಂದ ಹಿಪ್ಪುನೇರಳೆ ಸೊಪ್ಪು ಹೊತ್ತು ತಂದು ಹುಳದ ಮನೆಯ ತಟ್ಟೆಗಳಿಗೆ ಹರಡುತ್ತಿದ್ದಳು. ಹುಳಗಳು ಮೇಯುವಾಗ ಮನೆಯ ತುಂಬ ಮಳೆ ಬಂದ ಸದ್ದು. ಹೊಟ್ಟೆ ಚುರುಗುಟ್ಟಿಕೊಂಡು ಆ ಸದ್ದು ಕೇಳುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿತ್ತು. ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಸಿಕ್ಕರೆ ಕದ್ದು ತಿಂದು, ನಾಲಿಗೆಯ ಕಪ್ಪು ಕಾಣದಂತೆ ಬಾಯಿ ಮುಚ್ಚಿಕೊಂಡೇ ಮನೆಗೆ ಬರುತ್ತಿದ್ದಳು. ಕೂಸು ಒದ್ದಾಗ, ತಡಿ ನನ್ನವ್ವಾ, ನಿನಗೂ ಹಸಿವಾಗೇತಿ ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದಳು.

ಹೆರಿಗೆ ನಿಜಕ್ಕೂ ಸಲೀಸಾಯಿತು. ಸೂಲಗಿತ್ತಿ ಗುಂಡವ್ವ ಸೀರೆಯ ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಕೂಸು ಹೊರಗೆ. ಹೆಣ್ಣುಕೂಸು, ಗುಂಡವ್ವನ ಅಂಗೈಯಲ್ಲೇ ಹಿಡಿಯುವಷ್ಟು. ಅವಳು ಅರಳೆಯಲ್ಲಿ ಸುತ್ತಿ, "ಮೈಯಾಗ ಏನೂ ಇಲ್ಲಲ್ರಿ ಬಾಳಕ್ಕ," ಎಂದಳು. ಬಾಳಮ್ಮನಿಗೆ ಅದು ಕೇಳಿಸಲೇ ಇಲ್ಲ. ಓಣಿಗೆ ಸಕ್ಕರೆ ಹಂಚಿ, "ಒಂದ ಚೀರಾಟ ಇಲ್ಲ, ಹೂ ಎತ್ತಿದಂಗ ಆತು," ಎಂದು ಹೇಳಿಕೊಂಡು ಬಂದಳು.

ಕೂಸಿಗೆ ಎಳೆದು ಕುಡಿಯುವ ಶಕ್ತಿಯಿರಲಿಲ್ಲ, ತಾಯಿಯಲ್ಲಿ ಹಾಲೂ ಇರಲಿಲ್ಲ. ಅಳುವುದಕ್ಕೂ ತ್ರಾಣ ಸಾಲದೆ ಅದು ಹೆಸರಿಡುವ ಮೊದಲೇ ತಣ್ಣಗಾಯಿತು.

"ಹಣೆಬರಹ," ಎಂದಳು ಬಾಳಮ್ಮ. ಕಣ್ಣೊರೆಸಿಕೊಂಡದ್ದೂ ನಿಜವೇ. "ಹೆರಿಗಿ ಮಾತ್ರ ಸಲೀಸ ಆತು. ನಿನ್ನ ಜೀವ ಉಳೀತಲ್ಲ, ಅಷ್ಟ ಸಾಕು."

ಮೈಲಿಗೆ ಕಳೆದದ್ದೇ ಸೊಸೆಯನ್ನು ಹುಳದ ಮನೆಗೆ ಕಳಿಸಿದಳು. ಕೂಸಿಲ್ಲದವಳಿಗೆ ಎಂಥಾ ಬಾಣಂತನ ಎಂಬುದು ಅವಳ ವಾದ. ಮೊಟ್ಟೆಗೆಂದೇ ಸಾಕಿದ ಬಿತ್ತನೆಯ ಹುಳಗಳು ಕೊನೆಯ ಪೊರೆ ಕಳಚಿ ಹಸಿದು ತಲೆ ಎತ್ತಿದ್ದ ಹೊತ್ತಿಗೆ, ಬಸವನ ಬಾಗೇವಾಡಿಯಲ್ಲಿ ಬಾಳಮ್ಮನ ತಂಗಿಯ ಮನೆಯಲ್ಲಿ ಮದುವೆ ಬಂತು. ಹೊರಡುವಾಗ ಮುದುಕಿ ನೂರು ಸಲ ಹೇಳಿದಳು. "ಹೊಟ್ಟಿ ತುಂಬ ಹಾಕು. ಒಂದ ಹೊತ್ತೂ ತಪ್ಪಿಸಬ್ಯಾಡ."

ಭಾಗ್ಯಜ್ಯೋತಿ ಒಂದು ಹೊತ್ತೂ ತಪ್ಪಿಸಲಿಲ್ಲ. ಪ್ರತಿ ಹೊತ್ತಿಗೂ ಅರ್ಧ ಸೊಪ್ಪು ಹಾಕಿ, ಉಳಿದರ್ಧವನ್ನು ಎಮ್ಮೆಯ ಮುಂದೆ ಸುರಿದಳು. ಮಳೆಯ ಸದ್ದು ಬೇಗ ನಿಂತುಹೋಗುತ್ತಿತ್ತು. ಹುಳಗಳು ಬರಿದಾದ ಕಡ್ಡಿಗಳ ಮೇಲೆ ತಲೆಯೆತ್ತಿ ಅತ್ತಿತ್ತ ಹುಡುಕುತ್ತಿದ್ದವು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಪಾಪ ಅನ್ನಿಸಲಿಲ್ಲ, ಖುಷಿಯಾಯಿತು. ಈ ದಿನಗಳಲ್ಲಿ ಸೊಪ್ಪು ತರುತ್ತಿದ್ದ ಕಲ್ಮೇಶ ತಟ್ಟೆಯೊಳಗೆ ಬಗ್ಗಿ ನೋಡುವವನಲ್ಲ.

ಬಾಳಮ್ಮ ಹತ್ತು ದಿನದ ಮೇಲೆ ಮರಳಿ ಬಂದಾಗ ಗೂಡು ಕಟ್ಟಿಯಾಗಿತ್ತು. ಒಂದನ್ನು ಕಿವಿಯ ಹತ್ತಿರ ಅಲುಗಿಸಿ, "ಹಗುರ ಅನಸ್ತಾವ. ಬಿಸಿಲಿನ ಝಳ ಇರಬೇಕು," ಎಂದಳು. ದಿನ ತುಂಬಿ ಚಿಟ್ಟೆಗಳು ಗೂಡು ತೂತುಮಾಡಿಕೊಂಡು ಬಂದವು, ಗಂಡು ಹೆಣ್ಣು ಕೂಡಿದವು. ಹೆಣ್ಣುಗಳನ್ನು ಹಾಳೆಯ ಮೇಲಿಟ್ಟು ಒಂದೊಂದರ ಮೇಲೂ ಬಟ್ಟಲು ಮುಚ್ಚಿಟ್ಟರು.

ಮರುದಿನ ಬೆಳಿಗ್ಗೆ ಮುದ್ದೇಬಿಹಾಳದಿಂದ ಮೊಟ್ಟೆ ಒಯ್ಯಲು ಬಂದವರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಬಾಳಮ್ಮ ಬಟ್ಟಲು ಎತ್ತಿದಳು. ತುಂಬಿಕೊಂಡಿರಬೇಕಾದ ಹಾಳೆಯ ಮೇಲೆ ಸಾಸಿವೆ ಚೆಲ್ಲಿದಂತೆ ಅಲ್ಲಲ್ಲಿ ನಾಲ್ಕು ಕಾಳು. ಇನ್ನೊಂದು ಎತ್ತಿದಳು, ಮತ್ತೊಂದು ಎತ್ತಿದಳು. ಎಲ್ಲ ಕಡೆ ಅದೇ ಕಥೆ. ಕಲ್ಮೇಶ ಒಂದು ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವೇನೂ ಇಲ್ಲ ಎಂದ. ಬಾಳಮ್ಮ ಒಂದು ಹೆಣ್ಣನ್ನು ಅಂಗೈ ಮೇಲಿಟ್ಟು ಹೊಟ್ಟೆ ಒತ್ತಿದಳು. ಬೆರಳಿಗೆ ಬರೀ ತೊಗಲು ಸಿಕ್ಕಿತು. ಅವಳಿಗೆ ತಿಳಿಯಿತು.

"ಭಾಗ್ಯಾ, ಇವಕ್ಕ ಏನ ಹಾಕಿದಿ?"

"ಅರ್ಧಾ ಹೊಟ್ಟಿ ಹಾಕೇನ್ರಿ ಅತ್ತಿ. ಸಣ್ಣ ಇದ್ರ ಸಲೀಸ ಬರ್ತಾವಂತ. ಬಂದಾವಲ್ರಿ, ಒಂದೂ ಗೂಡಿನ್ಯಾಗ ಸಿಕ್ಕಿಲ್ಲ."

ಬಾಳಮ್ಮ ಅಂಗೈಯನ್ನು ಸೊಸೆಯ ಮುಖದ ಮುಂದೆ ಹಿಡಿದಳು. ಮುದುಕಿಯ ಕೈಮೇಲೆ ಚಿಟ್ಟೆ ರೆಕ್ಕೆ ಬಡಿದುಕೊಳ್ಳುತ್ತಲೇ ಇತ್ತು.

"ಹಸಿದೇನಿ ಅಂತ ಹೇಳಾಕ ಬರದ ಹುಳಕ್ಕ ಯಾರರ ಹಿಂಗ ಮಾಡ್ತಾರೇನ?"

"ನಾ ಹೇಳಿದ್ದೆನಲ್ರಿ ಅತ್ತಿ," ಎಂದಳು ಭಾಗ್ಯಜ್ಯೋತಿ.

ಆಮೇಲೆ ಅಡುಗೆಮನೆಗೆ ಹೋಗಿ ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.