ತೊಗಟೆ ಮೇಲಕ್ಕೆ

ಗಂಡ ತೀರಿಕೊಂಡ ಮೇಲೆ ಆ ಸೌದೆಯನ್ನು ಯಾರೂ ಮುಟ್ಟಿರಲಿಲ್ಲ. ಅಡುಗೆಮನೆಯ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿ, ಎದೆಯೆತ್ತರಕ್ಕೆ ಪೇರಿಸಿಟ್ಟಿದ್ದ. ಆ ವಾರವೇ ಅವನ ಎದೆಬಡಿತ ನಿಂತುಹೋಯಿತು. ಚಳಿಗಾಲ ಬಂದು ಹೋಯಿತು. ಅತ್ತೆ ಬೇರೆ ಸೌದೆ ತರಿಸಿ ಒಲೆ ಹೊತ್ತಿಸಿದರೇ ಹೊರತು ಅದರಿಂದ ಒಂದು ತುಂಡನ್ನೂ ಎಳೆಯಲಿಲ್ಲ. ನಾನೂ ಎಳೆಯಲಿಲ್ಲ. ಪಾತ್ರೆ ತೊಳೆಯುವಾಗ ಕಾಣುತ್ತಿತ್ತು. ನೋಡುತ್ತಿದ್ದೆ, ಅಷ್ಟೆ.

ಗುಡ್ಡದ ರಸ್ತೆಯಲ್ಲಿ ನಮ್ಮದೇ ಕೊನೆಯ ಮನೆ. ಹಿತ್ತಲು ಮುಗಿದಲ್ಲಿ ಕಾಡು. ಬೇಸಿಗೆಯಲ್ಲಿ ಕಾಡ್ಗಿಚ್ಚು ಹೊಸದೇನಲ್ಲ, ಆದರೆ ಈಚೆಗೆ ವರ್ಷ ವರ್ಷವೂ ಇನ್ನಷ್ಟು ಕೆಳಗಿಳಿದು ಬರುತ್ತಿತ್ತು. ಭಾವ, ಅಂದರೆ ಗಂಡನ ಅಣ್ಣ, ಪಟ್ಟಣದಿಂದ ಬಂದು ಕುರ್ಚಿಯ ತುದಿಯಲ್ಲಿ ಕೂತು ವಿಷಯ ತೆಗೆದರು. ಇಬ್ಬರೇ ಹೆಂಗಸರು ಇಲ್ಲಿರುವುದು ಬೇಡ. ಒಣಗಾಳಿ ಎದ್ದ ದಿನ ಕಾರು ತರುತ್ತೇನೆ, ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟುಬಿಡಿ, ಆಮೇಲೆ ಯಾರಾದರೂ ಕೊಳ್ಳುವವರು ಸಿಕ್ಕರೆ ನೋಡೋಣ ಎಂದರು. ಕೆಟ್ಟವರಲ್ಲ. ಹೇಳುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ನಾನು ಆಗುವುದಿಲ್ಲ ಎಂದೆ. ಕಾರಣ ಕೇಳಿದರು. ನನಗೆ ನಿದ್ದೆ ಬರುವುದು ಈ ಮನೆಯಲ್ಲಿ ಮಾತ್ರ ಎಂದು ಅವರಿಗೆ ಹೇಗೆ ಹೇಳುವುದು?

ಮರುದಿನ ಅಗ್ನಿಶಾಮಕ ಠಾಣೆಗೆ ಹೋಗಿ ಸೀಟಿ ಅಕ್ಕನನ್ನು ಕರೆದುಕೊಂಡು ಬಂದೆ. ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಬೆಂಕಿಯ ಕಾಲಕ್ಕೆ ಮನೆ ಸಿದ್ಧಮಾಡಿಕೊಳ್ಳುವುದು ಹೇಗೆ ಎಂದು ಮನೆಮನೆಗೆ ಹೋಗಿ ಹೇಳುವುದು ಅವಳ ಕೆಲಸ. ಮನೆಯನ್ನು ಸುತ್ತು ಹಾಕಿದಳು. ಮಳೆನೀರು ಹರಿಯುವ ಸೂರಿನ ದೋಣಿಯಲ್ಲಿ ಒಣಗಿದ ಎಲೆ, ಅಟ್ಟದ ಗಾಳಿಕಿಂಡಿ, ಗೋಡೆಗೆ ತಾಗಿದ ಪೊದೆ, ಹೊಸ್ತಿಲಾಚೆಯ ನಾರಿನ ಕಾಲೊರಸು, ಎಲ್ಲದಕ್ಕೂ ಬೆರಳು ತೋರಿಸಿದಳು.

"ಬೆಂಕಿ ಬಾಗಿಲು ತಟ್ಟಿ ಬರಲ್ಲ. ಮೊದಲು ಕಿಡಿ ಬರುತ್ತೆ, ಸೊಳ್ಳೆ ಥರ. ಕೂರೋಕೆ ಜಾಗ ಹುಡುಕುತ್ತೆ. ನಾವು ಜಾಗ ಕೊಡಬಾರದು, ಅಷ್ಟೇ."

ಸೌದೆಯ ಹತ್ತಿರ ಬಂದಾಗ ಮಾತ್ರ ಸೀಟಿಯನ್ನು ಬಾಯಿಗಿಟ್ಟುಕೊಂಡು ನಿಂತಳು. ಊದಲಿಲ್ಲ. ಇದು ಇಲ್ಲಿರುವವರೆಗೆ ಉಳಿದದ್ದೆಲ್ಲ ದಂಡ, ಬೆಂಕಿ ಆರಿಸುವ ನಮ್ಮ ಗಾಡಿಯನ್ನು ಈ ಗೋಡೆಯ ಪಕ್ಕ ನಿಲ್ಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ ಎಂದಳು. ಅತ್ತೆ ಒಳಗಿನಿಂದ ಕೇಳಿಸಿಕೊಂಡರು.

ದೋಣಿಯ ಎಲೆ ಬಳಿದು ತೆಗೆದೆ. ಪೊದೆ ಕಡಿದೆ. ಗಾಳಿಕಿಂಡಿಗೆ ಸಣ್ಣ ಕಣ್ಣಿನ ತಂತಿಜಾಲರಿ ಬಿಗಿದೆ. ಕಾಡಿನ ಕಡೆಯ ಮರಗಳ ಕೆಳಗಿನ ಕೊಂಬೆಗಳನ್ನು ಗರಗಸದಿಂದ ತೆಗೆದೆ. ಪಕ್ಕದ ಮನೆಯ ಮೇಷ್ಟ್ರು ಬೇಲಿಯಾಚೆಯಿಂದ, ಗುಡ್ಡಕ್ಕೇ ಕ್ಷೌರ ಮಾಡ್ತಿದ್ದೀಯೇನಮ್ಮಾ ಎಂದು ನಕ್ಕರು. ನಿಮ್ಮ ಕಡೆಯದಕ್ಕೂ ಮಾಡಿಕೊಡುತ್ತೇನೆ ಎಂದೆ. ನಗು ನಿಲ್ಲಿಸಿ ಒಳಗೆ ಹೋದರು.

ಸೌದೆಗೆ ಕೈಹಾಕಿದ ಬೆಳಿಗ್ಗೆ ಅತ್ತೆ ಊಟದ ಮೇಜಿನ ಕುರ್ಚಿಯನ್ನು ಹೊತ್ತು ತಂದು ಸೌದೆಯ ಮುಂದೆ ಹಾಕಿಕೊಂಡು ಕೂತರು. ಮಡಿಲಲ್ಲಿ ಕೈ ಕಟ್ಟಿಕೊಂಡರು.

"ನನ್ನ ಮಗ ಜೋಡಿಸಿದ್ದು. ಮುಟ್ಟು ನೋಡೋಣ."

"ಗೊತ್ತು ಅತ್ತೆ."

"ಏನು ಗೊತ್ತು? ನಿನ್ನ ಕಣ್ಣಲ್ಲಿ ಒಂದು ಹನಿ ನೀರು ನೋಡಿಲ್ಲ ನಾನು. ಕಲ್ಲು ಕಣೇ ನೀನು."

ಇರಬಹುದು. ಆದರೆ ನಾನು ಅಲ್ಲಿಂದ ಕದಲಲಿಲ್ಲ.

"ಅವರು ಇದನ್ನ ಒಲೆ ಉರಿಸೋಕೆ ಅಂತ ಜೋಡಿಸಿದ್ದು ಅತ್ತೆ, ಮನೆ ಉರಿಸೋಕೆ ಅಂತ ಅಲ್ಲ. ನೀವು ಕೂತಿರಿ. ನಾನು ಆ ತುದಿಯಿಂದ ಶುರು ಮಾಡ್ತೀನಿ."

ಶುರು ಮಾಡಿದೆ. ಹಿತ್ತಲ ಕೊನೆಯ ಕಲ್ಲಿನ ಗೋಡೆಯವರೆಗೆ ಹೊತ್ತು ಒಯ್ಯುವುದು, ಇಳಿಸುವುದು, ಮರಳುವುದು. ಅತ್ತೆ ಬೆನ್ನು ತಿರುಗಿಸಿ ಕೂತಿದ್ದರು. ಬಿಸಿಲು ನೆತ್ತಿಗೇರಿತು. ನಾನು ಕಲ್ಲುಗೋಡೆಯ ಹತ್ತಿರ ಬಗ್ಗಿದ್ದಾಗ ಹಿಂದೆ ನೆರಳು ಬಿತ್ತು.

"ತೊಗಟೆ ಮೇಲಕ್ಕೆ ಬರಬೇಕು," ಎಂದರು ಅತ್ತೆ. "ಇಬ್ಬನಿ ಜಾರಿ ಹೋಗ್ಲಿ ಅಂತ ಅವನು ಹಾಗೇ ಇಡ್ತಿದ್ದ. ನಾನೇ ಕಲಿಸಿದ್ದು. ಇದೇನು ನೀನು ಜೋಡಿಸಿರೋದು, ಕೋಳಿ ಕೆದರಿದ ಹಾಗೆ?"

ಜೋಡಿಸಿದ್ದನ್ನೆಲ್ಲ ಕೆಡವಿಸಿದರು. ಅವರು ಹೇಳಿದಂತೆ ನಾನು ಇಟ್ಟೆ. ಸಂಜೆಯ ಹೊತ್ತಿಗೆ ಅವನು ಪೇರಿಸಿದ ಹಾಗೆಯೇ, ತುದಿಯ ತುಂಡುಗಳು ಅಡ್ಡಡ್ಡ, ಆದರೆ ಮನೆಯಿಂದ ದೂರದಲ್ಲಿ, ಅದು ನಿಂತಿತ್ತು. ಇಬ್ಬರೂ ಕೈತೊಳೆದುಕೊಂಡೆವು.

ಒಣಗಾಳಿ ಎದ್ದಿತು. ಒಂದು ಮಧ್ಯಾಹ್ನ ಗುಡ್ಡದ ಬೆನ್ನ ಹಿಂದೆ ಆಕಾಶ ಕಂದಿತು. ಠಾಣೆಯ ಗಾಡಿ ರಸ್ತೆಯುದ್ದಕ್ಕೂ ಕೂಗಿಕೊಂಡು ಹೋಯಿತು: ಹೊರಡಿ, ಕಾಯಬೇಡಿ. ನಮ್ಮ ಚೀಲಗಳು ಮೊದಲೇ ಬಾಗಿಲ ಬಳಿ ಇದ್ದವು. ಗ್ಯಾಸ್ ಮುಚ್ಚಿದೆ, ಪರದೆ ಕಳಚಿದೆ, ಕಿಟಕಿ ಭದ್ರ ಮಾಡಿದೆ, ಹೊಗೆಯಲ್ಲೂ ಮನೆ ಕಾಣಲೆಂದು ಹೊರಗಿನ ದೀಪ ಹಾಕಿದೆ. ಭಾವ ಕಾರು ತಂದು ನಿಲ್ಲಿಸಿ, ನಾನು ಮೆಟ್ಟಿಲಿಳಿಯುವ ಮೊದಲೇ ಕೈ ಚಾಚಿದರು.

"ಕೀಲಿ ಕೊಡಮ್ಮಾ."

"ಬೀಗ ಹಾಕಿಲ್ಲ ಭಾವ. ಬೆಂಕಿ ಆರಿಸೋರು ಒಳಗೆ ಬರಬೇಕಾಗುತ್ತೆ."

"ಆಮೇಲೆ?"

"ಆಮೇಲೆ ನಾವು ವಾಪಸ್ ಬರ್ತೀವಿ."

ಅವರು ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ, ಕಾರಿನಲ್ಲಿ ಕೂತಾಗಿದ್ದ ಅತ್ತೆ ಬಾಗಿಲು ತೆರೆದು ಇಳಿದು, ಮೆಟ್ಟಿಲ ಕಡೆ ಸರಸರ ನಡೆದರು. ನಾರಿನ ಕಾಲೊರಸನ್ನು ಎತ್ತಿ ಝಾಡಿಸಿ, ಸುರುಳಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಮರಳಿದರು. ನಾನು ಅದನ್ನು ಮರೆತೇಬಿಟ್ಟಿದ್ದೆ.

"ಒಡವೆ ಹಿಡ್ಕೊಂಡು ಓಡೋರನ್ನ ನೋಡಿದ್ದೆ," ಎಂದರು ಭಾವ. "ಕಾಲೊರಸು ಹಿಡ್ಕೊಂಡು ಓಡೋರನ್ನ ಇವತ್ತೇ ನೋಡಿದ್ದು."

"ಸೊಳ್ಳೆಗೆ ಕೂರೋಕೆ ಜಾಗ ಕೊಡಬಾರದಂತೆ. ನೀನು ಕಾರು ಬಿಡು," ಎಂದರು ಅತ್ತೆ.

ಮರಳಲು ಒಪ್ಪಿಗೆ ಸಿಕ್ಕ ದಿನ ಭಾವನೇ ಕರೆತಂದರು. ಕಾಡು ಕಪ್ಪು ಕಡ್ಡಿಗಳಾಗಿ ನಿಂತಿತ್ತು. ಹಿತ್ತಲ ಕಲ್ಲುಗೋಡೆಯ ಬುಡದಲ್ಲಿ ಸೌದೆ ಇರಲಿಲ್ಲ. ಅದರ ಉದ್ದಕ್ಕೆ, ಅದರ ಅಗಲಕ್ಕೆ, ಬಿಳಿಯ ಬೂದಿ ಮಲಗಿತ್ತು. ಮನೆಯ ಗೋಡೆಗೆ ಹೊಗೆ ಹಿಡಿದಿತ್ತು. ಮನೆ ಇತ್ತು.

ಅತ್ತೆ ಬೂದಿಯ ಹತ್ತಿರ ಹೋಗಿ ನಿಂತರು. ನಾನು ಪಕ್ಕದಲ್ಲಿ ನಿಂತೆ. ಅವರ ಕೈ ನನ್ನ ತೋಳನ್ನು ಹಿಡಿಯಿತು, ನೋಯುವಷ್ಟು ಗಟ್ಟಿಯಾಗಿ. ನನಗೆ ನೋವಾಯಿತು. ಬಹಳ ದಿನಗಳಾಗಿದ್ದವು, ನನಗೆ ಏನಾದರೂ ಅನಿಸಿ.

ಹಿಂದಿನಿಂದ ಭಾವ ಮೆಲ್ಲಗೆ, ಈಗಲಾದರೂ ಕಣ್ಣಾರೆ ನೋಡಿದಿರಲ್ಲ, ಇನ್ನು ಸಾಕು, ನಡೆಯಿರಿ ಎಂದರು. ಅತ್ತೆ ಮನೆಯತ್ತ ನಡೆದು, ಕಾಲೊರಸನ್ನು ಹೊಸ್ತಿಲ ಒಳಗೆ ಹಾಸಿ, ಎರಡೂ ಕಾಲು ಚೆನ್ನಾಗಿ ಒರೆಸಿದರು.

"ದೋಣಿ ತುಂಬಾ ಬೂದಿ ಇರುತ್ತೆ. ಇವಳು ಹತ್ತಲಿ," ಎಂದು ಮಗನಿಗೆ ಹೇಳಿದರು. "ನೀನು ಏಣಿ ಹಿಡ್ಕೋ."

ಹತ್ತಿದೆ. ಮೊದಲ ಹಿಡಿ ಬೂದಿ ಭಾವನ ತಲೆಯ ಮೇಲೆ ಬಿತ್ತು. ಬೇಕೆಂದೇ ಹಾಕಿದ್ದು. ಅವರು ಏಣಿ ಬಿಡಲಿಲ್ಲ.